ಪುರಸಭೆಯ ಕುರ್ಚಿಯ ಎಡಗಡೆಯ ಹಂಸಕ್ಕೆ, ನನ್ನ ಲೇಸಿನ ತೋಳಿನ ವಿಷಯವಾಗಿ

ಮಾನ್ಯ ಹಂಸ ಮಹಾಶಯರೇ,

ನಮ್ಮೂರ ಪುರಸಭೆಯ ಮದುವೆ ಕೋಣೆಯಲ್ಲಿ ವಧುವಿಗೆಂದೇ ಇಟ್ಟಿರುವ ಕೆಂಪು ಮಖಮಲ್ಲಿನ ಕುರ್ಚಿಯ ಎಡಗೈಯಾಗಿ, ಚಕ್ರವರ್ತಿಗಳ ಕಾಲದಿಂದಲೂ ಮೈತುಂಬ ಚಿನ್ನ ಬಳಿಸಿಕೊಂಡು, ಕೊಕ್ಕು ತೆರೆದು ವಿರಾಜಮಾನರಾಗಿರುವ ತಮಗೆ, ಕಳೆದ ಶನಿವಾರ ಐವತ್ತೊಂಬತ್ತನೇ ವಯಸ್ಸಿನಲ್ಲಿ ಮೊದಲ ಸಲ ಮದುವಣಗಿತ್ತಿಯಾಗಿ ಅಲ್ಲಿ ಕುಳಿತಿದ್ದ, ಟೋಪಿ ಹೊಲಿಯುವ ಸೊಲಾಂಜ್ ವೆರ್ದಿಯೆಯ ಸವಿನಯ ವಂದನೆಗಳು.

ದೂರನ್ನು ತಮಗೇ ಬರೆಯಲು ಕಾರಣವಿದೆ. ಕುರ್ಚಿಯ ಕಾಲಿನ ಸಿಂಹದ ಪಾದಗಳಿಗೆ ಬರೆಯೋಣವೆಂದರೆ ಅವಕ್ಕೆ ಕಣ್ಣಿಲ್ಲ. ಬೆನ್ನಿನ ಮೇಲಿನ ಕಸೂತಿಯ ಜೇನುನೊಣಗಳು ಆ ದಿನ ಬಹಳ ಸಭ್ಯವಾಗಿದ್ದವು.

ಉಪಮೇಯರ್ ಪ್ರೂನ್ಯೆಯವರು ಎದೆಗೆ ಅಡ್ಡಲಾಗಿ ಅಧಿಕಾರದ ಮೂರು ಬಣ್ಣದ ಪಟ್ಟಿ ಧರಿಸಿ, ಗಂಡಹೆಂಡಿರ ಕರ್ತವ್ಯಗಳನ್ನು ಓದಿ ಮುಗಿಸಿ, "ಎದ್ದು ನಿಂತು ಉತ್ತರ ಹೇಳಮ್ಮ" ಎಂದ ಆ ಶುಭ ಗಳಿಗೆಯಲ್ಲಿಯೇ, ನಾನು ಚಳಿಗಾಲವಿಡೀ ಹೆಣೆದ ಲೇಸಿನ ತೋಳನ್ನು ತಾವು ಕೊಕ್ಕಿನಲ್ಲಿ ಕಚ್ಚಿ ಹಿಡಿದಿರಿ. ನಾನು ಅರ್ಧ ಎದ್ದೆ. ಕುರ್ಚಿಯೂ ಅರ್ಧ ಎದ್ದಿತು. ಇಬ್ಬರೂ ಧೊಪ್ಪನೆ ಕೂತೆವು.

"ನೋಡಿದ್ಯೇನೋ ಗಾಸ್ತೋಂ? ಹಕ್ಕಿಗೂ ಬೇಡವಂತೆ ಈ ಮದುವೆ!" ಎಂದರು ನನ್ನ ಭಾವೀ ಅತ್ತೆ, ಎಂಬತ್ತಾರು ವರ್ಷದ ಲಿಯೋಂತೀನ್ ಅವರು. ಸಭೆಯೆಲ್ಲ ನಕ್ಕಿತು. ಪ್ರೂನ್ಯೆಯವರು ಪೆನ್ನಿಗೆ ಮುಚ್ಚಳ ಹಾಕಿ, "ಮನಸ್ಸಿಲ್ಲದಿದ್ರೆ ಇವತ್ತಿಗೆ ಬಿಡೋಣ್ವಾ?" ಎಂದರು.

ನನ್ನ ವರ, ಚೀಸ್ ಅಂಗಡಿಯ ಗಾಸ್ತೋಂ ಅಂದರೆ ಕಾಲುಚೀಲದ ಬಣ್ಣಕ್ಕೂ ತಾಯಿಯ ಅಪ್ಪಣೆ ಕೇಳುವ ಮನುಷ್ಯ. ಅವನ ಮುಖ ಬಿಳಿಚಿಕೊಂಡದ್ದನ್ನು ಕಂಡು, ಇನ್ನು ಟೋಪಿಗಳೇ ನನಗೆ ಗತಿ ಅಂದುಕೊಂಡೆ. ಆದರೆ ಅವನು ಜೇಬಿನಿಂದ ಚೀಸ್ ಕೊಯ್ಯುವ ಚಾಕು ತೆಗೆದು, ತಮ್ಮ ಮುಂದೆ ಮಂಡಿಯೂರಿ, ಹಿಂದಿರುಗಿಯೂ ನೋಡದೆ, "ಅಮ್ಮಾ, ಸ್ವಲ್ಪ ಸುಮ್ನಿರ್ತೀಯಾ?" ಎಂದು ಲೇಸನ್ನು ಕರಕ್ಕನೆ ಕೊಯ್ದ. ನಾನು ಎದ್ದು ನಿಂತು "ಹೂಂ, ಒಪ್ಪಿದೀನಿ!" ಎಂದ ಅಬ್ಬರಕ್ಕೆ ತೆರೆದ ಬಾಗಿಲಾಚೆಯ ಪಾರಿವಾಳಗಳೆಲ್ಲ ಹಾರಿಹೋದವು.

ಹೀಗಾಗಿ ತಮ್ಮನ್ನು ಬೈಯಬೇಕೋ, ಹಾರ ಹಾಕಬೇಕೋ ತಿಳಿಯುತ್ತಿಲ್ಲ. ಗಾಸ್ತೋಂನ ಐವತ್ತೆಂಟು ವರ್ಷದ ಬಾಳಿನಲ್ಲಿ ಯಾರಿಂದಲೂ ಆಗದ ಕೆಲಸವನ್ನು ತಾವು ಒಂದೇ ಕಡಿತಕ್ಕೆ ಮಾಡಿ ಮುಗಿಸಿದಿರಿ. ಆದರೂ ತೋಳನ್ನು ಅಂಚೆಯಲ್ಲಿ ಹಿಂದಿರುಗಿಸಬೇಕಾಗಿಯೂ, ಹೊಸ ವರ್ಷದ ಸಭೆಯಲ್ಲಿ ಪ್ರೂನ್ಯೆಯವರ ಭಾಷಣ ಐದು ನಿಮಿಷ ದಾಟಿದೊಡನೆ ಅವರ ಪಟ್ಟಿಯನ್ನು ಇದೇ ರೀತಿ ಹಿಡಿಯಬೇಕಾಗಿಯೂ ಪ್ರಾರ್ಥನೆ.

ಒಂದೇ ತೋಳಿನ, ತಮ್ಮ ವಿಶ್ವಾಸಿ,
ಸೊಲಾಂಜ್

ತಾ.ಕ.: ಅತ್ತೆಯವರು ಉಡುಗೊರೆಯಾಗಿ ನಮಗೊಂದು ಹಳೆಯ ಕುರ್ಚಿ ಕಳಿಸಿದ್ದಾರೆ. ಅದರ ಎರಡೂ ಕೈಗಳಿಗೆ ಬಾಯಿ ತೆರೆದ ಮೊಸಳೆಗಳು. ಭಾನುವಾರದ ಊಟಕ್ಕೆ ಅವರನ್ನೇ ಕರೆದಿದ್ದೇವೆ. ಉದ್ದ ತೋಳಿನ ಉಡುಪು ತೊಟ್ಟು ಬರಲು ವಿಶೇಷವಾಗಿ ಕೋರಿದ್ದೇನೆ.