ಎರಡು ಸಲ ಮುಳುಗಿದ ಹಡಗು

ಸರಿಯಾಗಿ ಬರೆಯಬೇಕು ಅಂತ ಹಟ ಹಿಡಿದು ಕೂತವನನ್ನೇ ತಪ್ಪುಗಳು ಮನೆ ಹುಡುಕಿಕೊಂಡು ಬರುತ್ತವೆ. ನಾನು ಅರಸೀಕೆರೆಯ ಹೈಸ್ಕೂಲಲ್ಲಿ ಇತಿಹಾಸ ಹೇಳಿ ನಿವೃತ್ತನಾದವನು. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದಲ್ಲಿ ನಡೆದ ಹಡಗುಗಳ ಕಾಳಗದ ಬಗ್ಗೆ ಯೂಟ್ಯೂಬಲ್ಲಿ ಬಾಯಿಗೆ ಬಂದಂಗೆ ಹೇಳೋದು ಕೇಳಿ ಸಿಟ್ಟು ಬಂದು, ಊರಿನ ವಾರಪತ್ರಿಕೆಗೆ ನಾನೇ ಬರೆಯತೊಡಗಿದೆ.

ನೌಕರರು

ಮೊದಲ ಲೇಖನದಲ್ಲಿ 'ಜಪಾನಿನ ನಾಲ್ಕು ದೊಡ್ಡ ನೌಕೆಗಳು ಮುಳುಗಿದವು' ಅಂತ ಬರೆದಿದ್ದೆ. ಟೈಪ್ ಮಾಡುವಾಗ ನೌಕೆಗಳು 'ನೌಕರಗಳು' ಆಯಿತು. ಪುಟ ಕಟ್ಟುವ ಹೆಣ್ಣುಮಗಳು ಅದನ್ನು ನೋಡಿ, ಪಾಪ, ವ್ಯಾಕರಣ ತಿದ್ದಿದಳು: 'ಜಪಾನಿನ ನಾಲ್ವರು ಹಿರಿಯ ನೌಕರರು ಮುಳುಗಿದರು.'

ಬೆಳಿಗ್ಗೆಯೇ ತಾಲ್ಲೂಕು ಕಚೇರಿಯ ನಿವೃತ್ತ ಗುಮಾಸ್ತರ ಫೋನು. ದನಿಯಲ್ಲಿ ನಿಜವಾದ ಕಳವಳ.

"ಸಾರ್, ಆ ನಾಲ್ಕೂ ಜನ ಡ್ಯೂಟಿ ಮೇಲಿದ್ರಾ, ರಜೆ ಹಾಕಿ ಹೋಗಿದ್ರಾ?"

ಮತ್ತೆ ಬಂತು

ಬಾಣಾವರದ ಸ್ಟೇಷನ್ನಲ್ಲಿ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಅಡ್ಡಗಟ್ಟಿದರು. ಪತ್ರಿಕೆಯ ಎರಡು ಸಂಚಿಕೆ ಕೈಯಲ್ಲೇ ಇದ್ದವು.

"ಏನ್ ಮೇಷ್ಟ್ರೇ, ಹೋದ ವಾರ ಮುಳುಗಿಸಿದ ಹಡಗನ್ನ ಈ ವಾರ ಮತ್ತೆ ಮುಳುಗಿಸಿದೀರಲ್ಲ?"

ತಪ್ಪು ನನ್ನದೇ. ಒಪ್ಪಿಕೊಳ್ಳೋಕೆ ನಾಚಿಕೆಯಾಗಿ, "ಯುದ್ಧದ ಕಾಲದಲ್ಲಿ ಶತ್ರು ಹಡಗು ಮುಳುಗಿತು ಅಂತ ಸುಮ್ಮನೆ ಸಾರಿಬಿಡೋರು. ಅದು ತೇಲ್ತಾನೇ ಇರೋದು" ಅಂದೆ.

ಅವರು ಪತ್ರಿಕೆ ಮಡಚಿದರು. "ಅವ್ರಿಗೆ ಅವಸರ ಇತ್ತು, ಯುದ್ಧ. ನಿಮಗೇನ್ರೀ ಅವಸರ? ಪೂರ್ತಿ ಮುಳುಗಿದ್ ಮೇಲೆ ಬರೀರಿ!"

ಸನ್ಮಾನ

ಹಳೇಬೀಡಿನ ಒಂದು ಓದುಗರ ಸಂಘ ನನಗೆ ಸನ್ಮಾನ ಇಟ್ಟುಕೊಂಡಿತ್ತು. ಹೋಗಿ ನೋಡಿದರೆ ಬ್ಯಾನರ್ ಮೇಲೆ 'ಪೆಸಿಫಿಕ್ ಯುದ್ಧದಲ್ಲಿ ಹೋರಾಡಿದ ವೀರ ಯೋಧರಿಗೆ' ಅಂತ ಇದೆ! ಆ ಯುದ್ಧ ಮುಗಿದು ಎಷ್ಟೋ ವರ್ಷವಾದ ಮೇಲೆ ಹುಟ್ಟಿದವನು ನಾನು.

ಅಧ್ಯಕ್ಷರ ಕಿವಿಯಲ್ಲಿ ಹೇಳಿದೆ. "ಈಗ ಬಿಡಿ ಸಾರ್, ಪೇಟ ತಂದಾಗಿದೆ" ಅಂದರು. ಪೇಟ ತಲೆಗೇರಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಸುಮ್ಮನಿದ್ದುಬಿಡೋಣ ಅಂತಲೂ ಅನ್ನಿಸಿತು. ಆದರೆ ಊರಿಗೆಲ್ಲ ತಪ್ಪು ತಿದ್ದುವವನು ಇದನ್ನು ನುಂಗಿಕೊಳ್ಳೋದು ಹೇಗೆ? ಮೈಕು ಕಿತ್ತುಕೊಂಡೆ.

"ಸ್ವಾಮೀ, ನಾನು ಯಾವ ಯುದ್ಧಕ್ಕೂ ಹೋದವನಲ್ಲ. ಆಣೆ ಮಾಡಿ ಹೇಳ್ತೀನಿ, ಇವತ್ತಿನವರೆಗೂ ನಾನು ಸಮುದ್ರವನ್ನೇ ಕಣ್ಣಲ್ಲಿ ಕಂಡಿಲ್ಲ!"

ಅಷ್ಟರಲ್ಲಿ ಮುಂದಿನ ಸಾಲಿನ ಅಜ್ಜಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡು ಪಕ್ಕದವರಿಗೆ ಹೇಳಿದ್ದು ಇಡೀ ಸಭೆಗೆ ಕೇಳಿಸಿತು:

"ಅಯ್ಯೋ ಪಾಪ, ಸಬ್‌ಮರೀನ್ ಒಳಗಿದ್ರು ಅಂತ ಕಾಣ್ತದೆ ಕಣೇ. ಅದಕ್ಕೆ ಕಿಟಕಿ ಎಲ್ಲಿ ಐತೆ!"