ಯಾರೂ ಕೇಳದ ಬ್ಯಾಂಡುಗಳ ಒಬ್ಬಳೇ ಅಭಿಮಾನಿ

"ನಿಮಗೆ ಯಾವ ಥರದ ಮ್ಯೂಸಿಕ್ ಇಷ್ಟ?" ಅಂತ ಯಾರಾದರೂ ಕೇಳಿದಾಗ "ಹಳೇ ಹಾಡುಗಳು" ಅಂದು ಸುಮ್ಮನಿದ್ದುಬಿಟ್ಟಿದ್ದರೆ ನನ್ನ ಬದುಕಿನ ಅರ್ಧ ಫಜೀತಿ ತಪ್ಪುತ್ತಿತ್ತು. ಆದರೆ ನನ್ನ ಬಾಯಿ ಕೇಳಬೇಕಲ್ಲ. ನಿಜ ಹೇಳಿಬಿಡ್ತೀನಿ, ವಾರ ಕಳೆಯೋದರೊಳಗೆ ಏನಾದರೊಂದು ಎಡವಟ್ಟು ಆಗೇ ಆಗುತ್ತೆ.

ನಿಜ ಏನಪ್ಪಾ ಅಂದ್ರೆ ನನಗೆ ಪಂಕ್ ಮತ್ತು ಹಾರ್ಡ್‌ಕೋರ್ ಅನ್ನೋ ಅಬ್ಬರದ ರಾಕ್ ಸಂಗೀತದ ಹುಚ್ಚು. ಅದರಲ್ಲೂ ಹೆಸರು ಮಾಡಿದವರಲ್ಲ. ಹಾಡೋರ ಅಮ್ಮಂದಿರಿಗೇ ಬ್ಯಾಂಡಿನ ಹೆಸರು ನೆಟ್ಟಗೆ ಗೊತ್ತಿರಲ್ಲ, ಅಂಥವು. ಗಿಟಾರ್ ಒಬ್ಬ, ಬೇಸ್ ಒಬ್ಬ, ಡ್ರಮ್ ಬಡಿಯೋನು ಒಬ್ಬ, ಗಂಟಲು ಹರಿಯೋ ಹಾಗೆ ಕಿರುಚೋನು ಒಬ್ಬ. ಹಾಡು ಒಂದು ನಿಮಿಷ. ಎರಡು ನಿಮಿಷ ಆಯ್ತು ಅಂದ್ರೆ ಬ್ಯಾಂಡ್ ಸೋಮಾರಿಯಾಗ್ತಿದೆ ಅಂತ ಅರ್ಥ.

ಇದು ಅಂಟಿಕೊಂಡಿದ್ದು ಮೈಸೂರಿನ ಹಾಸ್ಟೆಲ್‌ನಲ್ಲಿ. ಮಿಜೋರಾಂನಿಂದ ಬಂದಿದ್ದ ನನ್ನ ರೂಮ್‌ಮೇಟ್ ಒಂದು ಕ್ಯಾಸೆಟ್ ಹಾಕಿದಳು. ಅವತ್ತಿಗೆ ನನ್ನ ಕಥೆ ಮುಗೀತು. ಒಂದೊಂದು ಹಾಡು ಮುಗಿದಾಗಲೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು "ಕೇಳಿದ್ಯಾ?" ಅಂತಿದ್ವಿ. ಅವಳು ಓದು ಮುಗಿಸಿ ಊರಿಗೆ ಹೋದಳು. ನಾನು ಹೊರದೇಶಕ್ಕೆ ಬಂದು, ಓವರ್‌ಲೇಕ್ ಅನ್ನೋ ಕಡೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ಕೊಂಡು, ಲಿನ್‌ವುಡ್‌ನ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಒಬ್ಬಳೇ ಇದ್ದು, ವಯಸ್ಸು ನಲವತ್ತೈದಾಯ್ತು. ಮದುವೆ ಆಗಲಿಲ್ಲ, ಅದಕ್ಕೆ ನನಗೇನೂ ಬೇಜಾರಿಲ್ಲ. ಬೇಜಾರಿರೋದು ಒಂದಕ್ಕೇ: ಹಾಡು ಮುಗಿದಾಗ ತಿರುಗಿ ನೋಡಿದ್ರೆ ಪಕ್ಕದಲ್ಲಿ ನಮ್ಮವರು ಅನ್ನೋರು ಒಬ್ಬರೂ ಇರಲ್ಲ. ಅಂಥ ಒಬ್ಬರು ಸಿಕ್ಕಾರಾ ಅಂತ ಹುಡುಕೋಕೆ ಹೋಗಿ ಆದ ಅವಾಂತರಗಳು ಇವು.

ಬೆಲ್ಟ್ ಹೋಗಿದೆ

ನಮ್ಮ ಟೀಮಿನಲ್ಲಿ ಬೆಂಗಳೂರಿನ ಸಹೋದ್ಯೋಗಿ ಒಬ್ಬರಿದ್ದರು. "ನಾನೂ ಮ್ಯೂಸಿಕ್ ಹುಚ್ಚನೇ ಮೇಡಂ, ಎಲ್ಲಾ ಥರದ್ದೂ ಕೇಳ್ತೀನಿ" ಅಂತ ಒಂದು ಸಲ ಅಂದರು. ಎಲ್ಲಾ ಥರದ್ದೂ! ಅವರ ಕಾರು ಸರ್ವಿಸ್‌ಗೆ ಹೋಗಿದ್ದ ವಾರ "ನಾನೇ ಡ್ರಾಪ್ ಮಾಡ್ತೀನಿ ಬನ್ನಿ" ಅಂದೆ. ಹೊಸಬರಲ್ವಾ, ಹೆದರಿಸಬಾರದು ಅಂತ ರಾತ್ರಿಯೆಲ್ಲಾ ಯೋಚನೆ ಮಾಡಿ ನನ್ನ ಹತ್ತಿರ ಇರೋದರಲ್ಲೇ ತುಂಬಾ ಸೌಮ್ಯವಾದ ಸಿ.ಡಿ. ಒಂದನ್ನು ಆರಿಸಿ ಇಟ್ಟಿದ್ದೆ.

ಹೈವೇಗೆ ಬಂದಮೇಲೆ ಹಾಕಿದೆ. ಹತ್ತು ಸೆಕೆಂಡ್ ಆಗಿಲ್ಲ, ಅವರು ಬಾಗಿಲಿನ ಹಿಡಿ ಗಟ್ಟಿಯಾಗಿ ಹಿಡ್ಕೊಂಡರು.

"ಮೇಡಂ, ಪಕ್ಕಕ್ಕೆ ಹಾಕಿ! ಬೇಗ! ಇಂಜಿನ್ ಬೆಲ್ಟ್ ಹೋಗಿದೆ!"

ಅವರ ಮುಖ ನೋಡಿ ನನಗೂ ಗಾಬರಿ. ಮುಂದಿನ ಎಕ್ಸಿಟ್‌ನಲ್ಲಿ ಹೈವೇ ಬಿಟ್ಟು, ಒಂದು ಪೆಟ್ರೋಲ್ ಬಂಕ್ ಪಕ್ಕ ನಿಲ್ಲಿಸಿ, ಗಾಡಿ ಆಫ್ ಮಾಡಿದೆ. ಅದು ಹಾಡು ರೀ ಅಂತ ಹೇಳೋಕೆ ಬಾಯಿ ತೆರೆಯೋಷ್ಟರಲ್ಲಿ ಅವರು ಇಳಿದು, ಆ ಜಿಟಿಜಿಟಿ ಮಳೆಯಲ್ಲೇ ಬಾನೆಟ್ ಎತ್ತಿ, ಬಿಳೀ ಶರ್ಟಿನ ತೋಳು ಮಡಿಚಿ ಒಳಗೆ ಕೈ ಹಾಕಿಯೇಬಿಟ್ಟಿದ್ದರು. ಅಲ್ಲಿ ಎಳೆದರು, ಇಲ್ಲಿ ಅಲ್ಲಾಡಿಸಿದರು. "ಈಗ ಸ್ಟಾರ್ಟ್ ಮಾಡಿ" ಅಂದರು. ಮೊಣಕೈವರೆಗೂ ಮಸಿ. ಆ ಮನುಷ್ಯನಿಗೆ ಹೇಗೆ ಹೇಳಲಿ? ಸದ್ದಿಲ್ಲದೆ ಸಿ.ಡಿ. ಪ್ಲೇಯರ್ ಆಫ್ ಮಾಡಿ ಸ್ಟಾರ್ಟ್ ಮಾಡಿದೆ.

"ನೋಡಿದ್ರಾ? ವೈರ್ ಒಂದು ಲೂಸ್ ಆಗಿತ್ತು ಅಷ್ಟೆ!"

ಆ ವಾರವೆಲ್ಲಾ ಇಬ್ಬರೂ ಕಾರಿನಲ್ಲಿ ಯಾವ ಹಾಡೂ ಹಾಕದೆ ಓಡಾಡಿದ್ವಿ. ಅವರು ಮಾತ್ರ ಇಡೀ ಆಫೀಸಿಗೆ ಹೇಳ್ಕೊಂಡು ಬಂದರು. ಮುಂದಿನ ಸೋಮವಾರ ಆಫೀಸಿನ ಬೇರೆ ಇಬ್ಬರು ತಮ್ಮ ಕಾರುಗಳನ್ನೂ ಅವರ ಹತ್ತಿರ ತೋರಿಸೋಕೆ ತಂದಿದ್ದರು.

ಟೀ ಶರ್ಟು

ಒಂದು ಶುಕ್ರವಾರ ಬಟ್ಟೆ ಒಗೆಯೋಕೆ ಸೋಮಾರಿತನ ಮಾಡಿ ಬ್ಯಾಂಡಿನ ಟೀ ಶರ್ಟಿನಲ್ಲೇ ದೇವಸ್ಥಾನಕ್ಕೆ ಹೋಗಿದ್ದೆ. ಮೇಲೆ ಸ್ವೆಟರ್ ಇತ್ತು. ಒಳಗೆ ಸೆಖೆ ಅಂತ ಅದನ್ನೂ ತೆಗೆದೆ, ಮರೆತು. ಎದೆ ತುಂಬಾ ತಲೆಬುರುಡೆಗಳ ಸಾಲು, ಮಧ್ಯೆ ನಾಲಿಗೆ ಹೊರಗೆ ಚಾಚಿದ ಒಂದು ಹೆಂಗಸು. ಅರ್ಚಕರು ಮಂಗಳಾರತಿ ತಟ್ಟೆ ಹಿಡಿದವರು ಹಾಗೇ ನಿಂತು ಟೀ ಶರ್ಟನ್ನೇ ನೋಡಿದರು. ನನಗೆ ಹುಚ್ಚು ಆಸೆ. ಇವರಿಗೆ ಈ ಬ್ಯಾಂಡ್ ಗೊತ್ತಾ? ಗೊತ್ತಿದ್ದರೂ ಇರಬಹುದು, ಯಾರ ಮನೆಯಲ್ಲಿ ಏನು ಕೇಳ್ತಾರೋ ಯಾರಿಗೆ ಗೊತ್ತು.

"ಎಷ್ಟು ವರ್ಷದಿಂದಮ್ಮ?" ಅಂದರು.

"ಇಪ್ಪತ್ತೈದು ವರ್ಷ ಆಯ್ತು ಸ್ವಾಮಿ!" ಅಂದೆ, ಉಬ್ಬಿಹೋಗಿ.

"ಒಳ್ಳೇದು. ಕಾಳಿ ಉಪಾಸನೆ ಎಲ್ಲರ ಕೈಲೂ ಆಗಲ್ಲ" ಅಂತ ಗೋತ್ರ ಕೇಳಿ ವಿಶೇಷ ಅರ್ಚನೆ ಮಾಡಿದರು. ಇವತ್ತಿಗೂ ನನಗೆ ಬೇರೆಯವರಿಗಿಂತ ಒಂದು ಸೌಟು ಪುಳಿಯೋಗರೆ ಜಾಸ್ತಿ.

ಮುಂದಿನ ಸಾಲಿನ ಕುರ್ಚಿ

ನಮ್ಮ ಕೆಳಗಿನ ಮನೆಯಲ್ಲಿ ವೀಣೆ ಪಾಠ ಹೇಳೋ ಒಬ್ಬ ಟೀಚರಮ್ಮ ಇದ್ದರು. ಮೈಸೂರಿನವರೇ, ಅರವತ್ತು ದಾಟಿತ್ತು. "ಶನಿವಾರ ಎಲ್ಲಿಗೇ ಹೋಗ್ತೀಯಾ ಒಬ್ಬೊಬ್ಬಳೇ?" ಅಂತ ಮೆಟ್ಟಿಲ ಹತ್ತಿರ ತಡೆದು ಕೇಳಿದರು.

"ಕಾನ್ಸರ್ಟ್‌ಗೆ, ಅಮ್ಮ."

"ಅಯ್ಯೋ, ನನ್ನನ್ನೂ ಕರ್ಕೊಂಡು ಹೋಗ್ಬಾರ್ದಾ? ಇಲ್ಲಿ ಮಕ್ಕಳಿಗೆ ಸರಳೆ ಹೇಳಿಕೊಟ್ಟು ಹೇಳಿಕೊಟ್ಟು ನನ್ನ ಕಿವಿ ತುಕ್ಕು ಹಿಡಿದಿದೆ."

ನಾನು ಎಷ್ಟೋ ಹೇಳಿದೆ. ಇದು ಬೇರೆ ಥರ, ಜೋರಾಗಿರುತ್ತೆ, ಕುಣೀತಾರೆ, ಒಬ್ಬರ ಮೇಲೊಬ್ಬರು ಬೀಳ್ತಾರೆ. "ಸಂಗೀತ ಅಂದ್ಮೇಲೆ ಸಂಗೀತ ಕಣೇ" ಅಂದುಬಿಟ್ಟರು. ಸಂಜೆ ಆರಕ್ಕೆ ಸರಿಯಾಗಿ ಮಾವಿನಕಾಯಿ ಬಣ್ಣದ ರೇಷ್ಮೆ ಸೀರೆ ಉಟ್ಟು, ಶಾಲು ಹೊದ್ದು, ಕೈಚೀಲದಲ್ಲಿ ಕಲ್ಲುಸಕ್ಕರೆ ಇಟ್ಕೊಂಡು ರೆಡಿ.

ಶೋ ಇದ್ದದ್ದು ಒಂದು ಹಳೇ ಗೋಡೌನ್‌ನಲ್ಲಿ. ಕೂರೋಕೆ ಜಾಗವೇ ಇಲ್ಲ. ಟೀಚರಮ್ಮನ್ನ ನೋಡಿ ಬ್ಯಾಂಡಿನ ಹುಡುಗರಿಗೆ ಏನನ್ನಿಸ್ತೋ, ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಎಲ್ಲರಿಗಿಂತ ಮುಂದೆ, ಹಾಡೋನ ಕಾಲ ಬುಡದಲ್ಲೇ ಹಾಕಿದರು. ಕಿವಿಗೆ ಹತ್ತಿ ಕೊಡೋಕೆ ಹೋದ್ರೆ "ವಿದ್ವಾಂಸರಿಗೆ ಅವಮಾನ" ಅಂತ ಬೇಡ ಅಂದರು.

ಶುರುವಾಯ್ತು. ಹಿಂದೆ ಜನ ಒಬ್ಬರನ್ನೊಬ್ಬರು ದಬ್ಬಾಡ್ತಿದ್ದಾರೆ, ಮುಂದೆ ಟೀಚರಮ್ಮ ಬೆನ್ನು ನೆಟ್ಟಗೆ ಮಾಡ್ಕೊಂಡು ತೊಡೆ ಮೇಲೆ ತಾಳ ಹಾಕ್ತಿದ್ದಾರೆ. ಅಷ್ಟು ಸ್ಪೀಡಿನ ತಾಳ ನಾನು ಜನ್ಮದಲ್ಲಿ ನೋಡಿರಲಿಲ್ಲ. ಒಂದೂ ತಪ್ಪಲಿಲ್ಲ! ಡ್ರಮ್ಮಿನವನು ತನ್ನ ಬ್ಯಾಂಡ್ ಕಡೆ ನೋಡೋದು ಬಿಟ್ಟು ಅವರ ಕೈಯನ್ನೇ ನೋಡ್ಕೊಂಡು ಬಾರಿಸಿದ. ಹದಿನೆಂಟು ನಿಮಿಷಕ್ಕೆ ಎಲ್ಲಾ ಮುಗೀತು. ಹುಡುಗರು ವೈರ್ ಸುತ್ತೋಕೆ ಶುರು ಮಾಡಿದರು. ಟೀಚರಮ್ಮ ಇನ್ನೂ ಕೂತೇ ಇದ್ದಾರೆ.

"ಮುಗೀತು ಅಮ್ಮ, ಹೋಗೋಣ."

"ಮುಗೀತಾ? ಈಗ ವರ್ಣ ಆಯ್ತು ಅಂದ್ಕೊಂಡೆ. ಕೀರ್ತನೆ ಇಲ್ವಾ?"

ವಾಪಸ್ ಬರ್ತಾ ಕಾರಿನಲ್ಲಿ ಅರ್ಧ ದಾರಿ ಟೀಚರಮ್ಮ ಕಲ್ಲುಸಕ್ಕರೆ ಚೀಪುತ್ತಾ ಕೂತಿದ್ದರು. ಕಡೆಗೆ, "ಲಯ ಚೆನ್ನಾಗಿದೆ ಕಣೇ ಮರೀ. ಆದರೆ ಆ ಹಾಡೋ ಹುಡುಗನಿಗೆ ಏನೋ ಮನೆಯಲ್ಲಿ ತೊಂದ್ರೆ ಇದೆ. ಕರ್ಕೊಂಡು ಬಾ, ಒಂದು ಊಟ ಹಾಕೋಣ" ಅಂದರು.

ಹಳದಿ ರೇನ್‌ಕೋಟು

ಒಂದು ಪುಟ್ಟ ಬ್ಯಾಂಡಿನ ರೆಕಾರ್ಡನ್ನು ಪೋಸ್ಟಿನಲ್ಲಿ ತರಿಸಿದ್ದೆ. ಹದಿನೈದು ದಿನ ಕಾದೆ, ಬರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಬೆಲ್ ಆಯ್ತು. ಬಾಗಿಲು ತೆಗೆದ್ರೆ ಗಡ್ಡದವನೊಬ್ಬ, ನೆನೆದು ತೊಪ್ಪೆ, ಅಂಗಿಯೊಳಗೆ ರೆಕಾರ್ಡ್ ಬಚ್ಚಿಟ್ಕೊಂಡು ನಿಂತಿದ್ದಾನೆ. ಆ ಬ್ಯಾಂಡಿನ ಡ್ರಮ್ಮರ್! "ಈ ರೆಕಾರ್ಡಿಗೆ ಆರ್ಡರ್ ಬಂದಿದ್ದೇ ಒಂದು. ಯಾರು ಅಂತ ನೋಡೋಣ ಅಂತ ನಾನೇ ಬಂದೆ" ಅಂದ.

ನನಗೆ ಕಾಲು ನೆಲದ ಮೇಲಿಲ್ಲ. ನನ್ನ ಮನೆಗೆ ಹಾಡಿನ ವಿಷಯ ಮಾತಾಡೋಕೆ ಅಂತ ಮನುಷ್ಯರು ಬಂದಿದ್ದೇ ಅದು ಮೊದಲ ಸಲ. ಕೂರಿಸಿ ಬಿಸಿಬಿಸಿ ಉಪ್ಪಿಟ್ಟು, ಕಾಫಿ ಕೊಟ್ಟೆ. ಪಾಪ, ಹಸಿದಿದ್ದ. "ಮುಂದಿನ ಶೋ ಯಾವಾಗ?" ಅಂತ ಕೇಳಿದೆ.

"ಬ್ಯಾಂಡ್ ಒಡೆದುಹೋಯ್ತು" ಅಂದ. "ಕಡೇ ಶೋಗೆ ಫೈರ್ ಇನ್‌ಸ್ಪೆಕ್ಟರ್ ಬಂದುಬಿಟ್ಟರು. ನಾವು ಹಾಡ್ತಿದ್ದ ಬೇಸ್‌ಮೆಂಟ್‌ಗೆ ಪರ್ಮಿಷನ್ ಇರಲಿಲ್ಲ. ನಾಲ್ಕೇ ಹಾಡಿಗೆ ಹಿಂದಿನ ಬಾಗಿಲಿಂದ ಡ್ರಮ್ ಹೊತ್ಕೊಂಡು ಓಡಿದ್ವಿ. ಕಂಪ್ಲೇಂಟ್ ಕೊಟ್ಟವನು ನೀನು, ನೀನು ಅಂತ ನಮ್ಮ ನಮ್ಮಲ್ಲೇ ಜಗಳ ಆಗಿ ಬಿಟ್ಟೇಬಿಟ್ವಿ."

"ಛೇ! ಇನ್‌ಸ್ಪೆಕ್ಟರ್ ಅಂತ ಹೇಗೆ ಗೊತ್ತಾಯ್ತು?"

"ನೋಡಿದ್ರೇ ಗೊತ್ತಾಗ್ತಿತ್ತು. ಇಂಡಿಯನ್ ಹೆಂಗಸು. ಹಳದಿ ರೇನ್‌ಕೋಟು, ಕುತ್ತಿಗೆಯಲ್ಲಿ ಬ್ಯಾಡ್ಜು. ಹಿಂದೆ ಬೆಂಕಿ ಆರಿಸೋ ಸಿಲಿಂಡರ್ ಪಕ್ಕ ನಿಂತು, ತಲೆ ಎಣಿಸಿ, ಏನೋ ಬರ್ಕೊಳ್ತಿದ್ದರು."

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅವತ್ತು ಆಫೀಸಿನಿಂದ ಸೀದಾ ಹೋಗಿದ್ದೆ, ಬ್ಯಾಡ್ಜ್ ತೆಗೆಯೋದು ಮರೆತಿದ್ದೆ. ಎಷ್ಟು ಜನ ಬಂದಿದ್ದಾರೆ ಅಂತ ಎಣಿಸೋದು, ಯಾವ ಹಾಡಾದ ಮೇಲೆ ಯಾವ ಹಾಡು ಅಂತ ಬರೆದಿಡೋದು, ಟೆಸ್ಟಿಂಗ್ ಕೆಲಸದವಳ ಚಟ. ಅವನು ತಿನ್ನುತ್ತಾ ತಿನ್ನುತ್ತಾ ಬಾಗಿಲ ಕಡೆ ನೋಡಿದ. ಅಲ್ಲಿ ಮೊಳೆಗೆ ಹಳದಿ ರೇನ್‌ಕೋಟು ನೇತಾಡ್ತಿದೆ, ಮೇಲೆ ಬ್ಯಾಡ್ಜು.

ಚಮಚ ಕೆಳಗಿಟ್ಟ. ಆಮೇಲೆ ಎದ್ದು ನಿಂತು, ಕೈಕಟ್ಟಿಕೊಂಡು, ಮೆತ್ತಗೆ ಕೇಳಿದ: "ಹಾಗಾದ್ರೆ ಮೇಡಂ, ನಾವು ಮತ್ತೆ ಸೇರಬಹುದಾ?"

"ಪರವಾಗಿಲ್ಲ, ಸೇರಿ" ಅಂತ ಪರ್ಮಿಷನ್ ಕೊಟ್ಟು ಕಳಿಸಿದೆ.

ಕಾಲು ತಗುಲಿತು

ಇನ್ನು ಕಡೆಯದು. ಇದನ್ನು ಹೇಳೋವಾಗ ನಗಬೇಕೋ ಅಳಬೇಕೋ ನನಗೆ ಈಗಲೂ ಗೊತ್ತಾಗಲ್ಲ.

ಒಂದು ಭಾನುವಾರ ಮಧ್ಯಾಹ್ನದ ಶೋ. ಮಧ್ಯದಲ್ಲಿ ಏಳೆಂಟು ಜನ ಗಿರಗಿರ ಸುತ್ತುತ್ತಾ ಕೈಕಾಲು ಬೀಸ್ತಿದ್ದರು. ನಾನು ಅಂಚಿನಲ್ಲಿದ್ದೆ. ಯಾರದೋ ಬೂಟು ನನ್ನ ಮೊಣಕಾಲಿಗೆ ಫಟ್ ಅಂತ ಬಡೀತು. ಒದೆ ತಿಂದು ನನಗೆ ಅಭ್ಯಾಸವೇ. ಒದ್ದವರು ಹೆಬ್ಬೆರಳು ಎತ್ತಿ ತೋರಿಸ್ತಾರೆ, ಮುಂದೆ ಹೋಗ್ತಾರೆ. ಆದರೆ ಈ ಸಲ ಒಂದು ಕೈ ಬಂದು ನನ್ನ ತೋಳು ಮುಟ್ಟಿ, ಎರಡು ಕಣ್ಣಿಗೂ ಒತ್ತಿಕೊಂಡಿತು.

ನಾನೂ ಯೋಚನೆ ಮಾಡದೆ "ಇರಲಿ ಬಿಡಿ" ಅಂತ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಆಮೇಲೆ ಹೊಳೀತು. ತಿರುಗಿ ನೋಡಿದ್ರೆ ಐವತ್ತರ ಹತ್ತಿರದ ಹೆಂಗಸು, ಹಣೆಗೆ ಕುಂಕುಮ, ಕಾಲಿಗೆ ದಪ್ಪ ಬೂಟು. ಅಷ್ಟರಲ್ಲಿ ಆಕೆಯ ಕಾಲು ಮೈಯೆಲ್ಲಾ ಹಚ್ಚೆಯ ಒಬ್ಬ ಭಾರೀ ಆಳಿಗೆ ತಗುಲಿತು. ಅವನನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡರು. ಇದೇನೋ ಹೊಸಾ ಸ್ಟೆಪ್ಪು ಅಂದ್ಕೊಂಡ ಅವನು. ಪಕ್ಕದವನನ್ನು ಒದ್ದ, ಮುಟ್ಟಿದ, ಕಣ್ಣಿಗೊತ್ತಿಕೊಂಡ. ಆ ಪಕ್ಕದವನು ಮತ್ತೊಬ್ಬನನ್ನು ಒದ್ದ. ಎರಡನೇ ಹಾಡಿನ ಹೊತ್ತಿಗೆ ಎಲ್ಲರೂ ಒದೆಯೋದು, ನಮಸ್ಕಾರ ಹಾಕೋದು, ಒದೆಯೋದು, ನಮಸ್ಕಾರ ಹಾಕೋದು!

ಶೋ ಮುಗಿದ ಮೇಲೆ ಬಾಗಿಲ ಹತ್ತಿರ ಓಡಿ ಹೋಗಿ ಆ ಬೂಟಿನ ಹೆಂಗಸನ್ನು ಹಿಡ್ಕೊಂಡೆ. "ಕನ್ನಡದವರಾ?"

"ಹೌದ್ರೀ, ಧಾರವಾಡದಾಕಿ. ವುಡಿನ್‌ವಿಲ್‌ನಾಗ ಮನಿ. ಕಾಯಿಪಲ್ಯ ತರ್ಲಿಕ್ಕೆ ಹೋಗ್ತೀನಿ ಅಂತ ಮನ್ಯಾಗ ಸುಳ್ಳ ಹೇಳಿ ಬಂದೀನ್ರಿ."

ನನಗೆ ಅಳುವೇ ಬಂತು. ಮಾತಾಡಿದ್ವಿ ನೋಡಿ, ಇಪ್ಪತ್ತು ವರ್ಷದ್ದು ಒಟ್ಟಿಗೆ. ಆ ಬ್ಯಾಂಡ್ ಗೊತ್ತಾ? ಗೊತ್ತು. ಈ ಬ್ಯಾಂಡ್? ಗೊತ್ತಿಲ್ಲದೆ ಏನ್ರಿ! ಅವತ್ತು ನುಡಿಸಿದವರ ಮೊದಲನೇ ರೆಕಾರ್ಡ್ ಎಂಥಾ ರೆಕಾರ್ಡ್ ಅಲ್ವಾ ಅಂದೆ.

"ಮೊದಲನೇದು ಬರೇ ಗದ್ದಲ ಅದ ರೀ. ಎರಡನೇದ್ರಾಗ ಒಂಚೂರು ಶಾಣ್ಯಾ ಆಗ್ಯಾರ."

"ಗದ್ದಲನಾ? ಎರಡನೇದರಲ್ಲಿ ಟ್ಯೂನ್ ಹಾಕಿದ್ದಾರೆ ರೀ! ಟ್ಯೂನ್! ನಾಚಿಕೆ ಆಗಬೇಕು ಅವರಿಗೆ!"

"ಟ್ಯೂನ್ ಇದ್ರ ನಿಮಗೇನ್ ತ್ರಾಸ್ರಿ? ಮೈಸೂರವ್ರಿಗೆ ಕಿವಿ ಇಲ್ಲೇನು?"

"ನಿಮ್ಮ ಧಾರವಾಡದವರಿಗೆ ಎಲ್ಲದರಲ್ಲೂ ಆಲಾಪನೆ ಬೇಕು, ಅದಕ್ಕೇ ಹೀಗೆ!"

"ಏನಂದ್ರೀ?" ಅಂತ ಆಕೆ ಬೂಟು ಬಡಿದುಕೊಂಡು ಹೋಗಿ ಕಾರು ಹತ್ತಿದರು. ಫೋನ್ ನಂಬರ್ ಇರಲಿ, ಹೆಸರೂ ಕೇಳಿರಲಿಲ್ಲ. ಇಪ್ಪತ್ತು ವರ್ಷ ಕಾದು ಸಿಕ್ಕ ಗೆಳತಿಯನ್ನು ಹತ್ತು ನಿಮಿಷದಲ್ಲಿ ಕಳ್ಕೊಂಡು ಪಾರ್ಕಿಂಗ್‌ನಲ್ಲಿ ನಿಂತಿದ್ದೆ. ಆದರೂ ಆ ಎರಡನೇ ರೆಕಾರ್ಡನ್ನು ಒಪ್ಪಿಕೊಳ್ಳೋಕೆ ನನ್ನ ಕೈಲಿ ಆಗಲ್ಲ.

ಮುಂದಿನ ತಿಂಗಳು ಮತ್ತೊಂದು ಶೋ. ಹೋದೆ, ಒಬ್ಬಳೇ. ಆಚೆ ಮೂಲೆಯಲ್ಲಿ ಅದೇ ಬೂಟು, ಅದೇ ಕುಂಕುಮ. ನನ್ನನ್ನು ನೋಡಿದವರೇ ಗಲ್ಲ ಎತ್ತಿ ಮುಖ ಆಚೆ ತಿರುಗಿಸಿದರು. ನಾನೂ ಈಚೆ ತಿರುಗಿಸಿದೆ. ಒಂದೊಂದು ಹಾಡು ಮುಗಿದಾಗಲೂ ಆಕೆ ನೋಡ್ತಾರಾ ಅಂತ ನಾನು ನೋಡೋದು, ನಾನು ನೋಡ್ತೀನಾ ಅಂತ ಆಕೆ ನೋಡೋದು, ಇಬ್ಬರೂ ಸಿಕ್ಕಿಬಿದ್ದು ಮತ್ತೆ ಮುಖ ತಿರುಗಿಸೋದು. ಕಡೇ ಹಾಡಿನವರೆಗೂ ಇದೇ ಆಯ್ತು.

ಮನೆಗೆ ಡ್ರೈವ್ ಮಾಡ್ಕೊಂಡು ಬರ್ತಾ ನನಗೆ ಯಾಕೋ ತುಂಬಾ ಖುಷಿ. ನನ್ನ ಜೊತೆ ಮಾತು ಬಿಟ್ಟವರು ಅಂತ ಆ ಹಾಲ್‌ನಲ್ಲಿ ಈಗ ಒಬ್ಬರಿದ್ದಾರೆ. ಇಷ್ಟು ವರ್ಷ ಅದೂ ಇರಲಿಲ್ಲ.