ಜಲಪಾತಕ್ಕೆ ಸ್ವಲ್ಪ ಮೊದಲು

ಶಿಸ್ತಿನ ಮನುಷ್ಯನನ್ನು ಎಲ್ಲರೂ ಹೊಗಳುತ್ತಾರೆ, ಆದರೆ ಅವನ ಜೊತೆ ಊರು ಸುತ್ತಲು ಯಾರೂ ಬರುವುದಿಲ್ಲ. ನನಗೆ ಗಂಟುಬಿದ್ದವರು ಇಬ್ಬರೇ: ಹೆಂಡತಿ ಸುಲೋಚನಾ ಮತ್ತು ನಮ್ಮ ನಾಯಿ ಗುಂಡ. ದಿನವೂ ಬೆಳಿಗ್ಗೆ ನಾನೂ ಗುಂಡನೂ ಹಲಸೂರು ಕೆರೆಯ ಬಳಿ ನಡೆಯುತ್ತೇವೆ. ಆಮೇಲೆ ಕಲ್ಲುಬೆಂಚಿನ ಮೇಲೆ ಕುಳಿತು ನಾನು ಪೇಪರು ಓದುತ್ತೇನೆ, ಅವನು ಕೆಳಗೆ ಮಲಗುತ್ತಾನೆ. ಪೇಪರು ಮಡಿಸಿದೊಡನೆ ಇಬ್ಬರೂ ತಿಂಡಿಗೆ ಮನೆ ಸೇರುತ್ತೇವೆ. ಮಳೆ ಬಂದರೆ ಕೊಡೆ ಹಿಡಿದು ಓದುತ್ತೇನೆ. ಮೊಮ್ಮಗಳ ನಾಮಕರಣದ ದಿನವೂ ಓದಿದೆ. ಆ ಜಗಳವನ್ನು ಸುಲೋಚನಾ ಇನ್ನೂ ಮುಗಿಸಿಲ್ಲ.

ಬೆಟ್ಟದ ಜಲಪಾತವೊಂದಕ್ಕೆ ತಲೆಯೊಡ್ಡಿ ನಿಲ್ಲಬೇಕೆಂಬುದು ಅವಳ ಬಹುಕಾಲದ ಆಸೆ. ವಾಕಿಂಗ್ ತಪ್ಪುತ್ತದೆ, ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ನಾನು ವರ್ಷಗಟ್ಟಲೆ ಮುಂದೂಡುತ್ತ ಬಂದಿದ್ದೆ. ಇಂದಿರಾನಗರದ ಪಾರ್ಕಿನಲ್ಲಿ ಸೇರುವ ಗುಂಪೊಂದು ನಾಯಿಗಳನ್ನೂ ಕರೆದುಕೊಂಡು ಜಲಪಾತಕ್ಕೆ ಟ್ರೆಕ್ ಹೊರಟಾಗ ಅವಳು ಕೇಳಿದಳು: "ವಾಕಿಂಗೂ ಆಯ್ತು, ನಾಯೀನೂ ಬಂತು. ಈಗ ಯಾವ ನೆಪ ತೆಗೀತೀರಿ?" ಹುಡುಕಿದೆ, ಸಿಗಲಿಲ್ಲ.

ಗುಂಪಿನ ನಾಯಕಿ ಆಯೇಷಾ ಎಂಬ ಹುಡುಗಿ. ಬಸ್ಸಿನಿಂದ ಇಳಿದೊಡನೆ ನಿಯಮ ಸಾರಿದಳು: "ಇದು ನಾಯಿಗಳ ಟ್ರೆಕ್ ಅಂಕಲ್, ನಾವು ಬರೀ ಗೆಸ್ಟು. ಒಂದು ಕೂತ್ರೂ ಎಲ್ರೂ ಕೂರ್ಬೇಕು. ಒಂದು ಯಾವ ಕಡೆ ಹೊರಟ್ರೂ ಎಲ್ರೂ ಆ ಕಡೆ. ಎಳೆಯೋ ಹಾಗಿಲ್ಲ." ನಿಯಮವೆಂದರೆ ನನಗೆ ಮೊದಲೇ ಪ್ರೀತಿ. ಹುರುಪಿನಿಂದ ಹತ್ತಿದೆವು. ಮೇಲಿನಿಂದ ನೀರಿನ ಸದ್ದು ಕೇಳಿಸತೊಡಗಿತು. ಸುಲೋಚನಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಅಷ್ಟರಲ್ಲಿ ಒಂದು ಬಂಡೆಯ ಬಳಿ ಗುಂಡ ಕುಳಿತುಬಿಟ್ಟ. ಲ್ಯಾಬ್ರಡಾರ್ ಕುಳಿತಿತು, ಪಗ್ ಕುಳಿತಿತು, ದೊಮ್ಮಲೂರಿನ ದಂಪತಿಗಳಂತೂ ತಮ್ಮ ನಾಯಿಯ ಅಪ್ಪಣೆಗೂ ಕಾಯದೆ ಕುಸಿದು ಕುಳಿತರು.

"ಊರಲ್ಲಿ ಈ ಟೈಮಿಗೆ ಏನ್ಮಾಡ್ತಾನೆ ಅಂಕಲ್?" ಎಂದಳು ಆಯೇಷಾ.

"ನಾನು ಪೇಪರ್ ಓದ್ತೀನಮ್ಮ. ಅದು ಮುಗಿಯೋವರೆಗೂ ಅವನು ಏಳಲ್ಲ."

"ಹಾಗಾದ್ರೆ ಓದಿ!"

ಬೆಟ್ಟದ ಮೇಲೆ ಪೇಪರೆಲ್ಲಿ? ಬಿಸ್ಕತ್ ಪೊಟ್ಟಣವನ್ನೇ ಬಿಡಿಸಿ ಹಿಡಿದು ಗಂಭೀರವಾಗಿ ಓದಿದೆ: ಗೋಧಿ ಹಿಟ್ಟು, ಸಕ್ಕರೆ, ತಾಳೆ ಎಣ್ಣೆ. "ಜೋರಾಗಿ ಓದಿ ಸಾರ್, ಹಿಂದಿನೋರಿಗೆ ಕೇಳಿಸ್ತಿಲ್ಲ" ಎಂದು ಪಗ್ಗಿನ ಯಜಮಾನರು ಕೂಗಿದರು. ಮೊದಲಿನಿಂದ ಮತ್ತೆ ಓದಿ ಪೊಟ್ಟಣವನ್ನು ಮಡಿಸಿದೆ. ಗುಂಡ ಎದ್ದ, ಮೈ ಕೊಡವಿದ, ನೆಟ್ಟಗೆ ಮನೆಯ ಕಡೆಗೆ ಇಳಿಯತೊಡಗಿದ. ನಿಯಮ ನಿಯಮವೇ. ಅವನ ಹಿಂದೆ ಎಲ್ಲ ನಾಯಿಗಳೂ, ನಾಯಿಗಳ ಹಿಂದೆ ಎಲ್ಲ ಗೆಸ್ಟುಗಳೂ ಇಳಿದೆವು.

ಸುಲೋಚನಾ ಮಾತ್ರ ಮೇಲಕ್ಕೆ ಹೊರಟಳು.

"ಆಂಟಿ, ಗ್ರೂಪ್ ಬಿಟ್ಟು ಹೋಗ್ಬಾರ್ದು!"

"ನನ್ನ ಕೈಲಿ ನಾಯಿ ಇಲ್ವಲ್ಲಮ್ಮ, ನನಗ್ಯಾವ ರೂಲು?"

ಅವಳು ಬಸ್ಸಿಗೆ ಮರಳಿದಾಗ ಸೀರೆಯಿಂದ ನೀರು ಸೋರುತ್ತಿತ್ತು, ಮುಖದ ತುಂಬ ನಗು. "ಈ ಗುಂಡನಿಂದಾಗಿ ನನಗೆ ತಪ್ಪಿಹೋಯ್ತು ನೋಡು" ಎಂದೆ. ದಾರಿಯುದ್ದಕ್ಕೂ ಫೋಟೋ ತೆಗೆದಿದ್ದ ಆಯೇಷಾಳ ಫೋನನ್ನು ಅವಳು ನನ್ನ ಮೂಗಿನ ಮುಂದೆ ಹಿಡಿದಳು. ಫೋಟೋದಲ್ಲಿ ನಾನು ಅದೇ ಬಂಡೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಆರಾಮಾಗಿ ಕುಳಿತಿದ್ದೆ. ಗುಂಡ ಇನ್ನೂ ನಿಂತಿದ್ದ, ಹಗ್ಗ ಬಿಗಿಯಾಗುವಂತೆ ಜಲಪಾತದ ಕಡೆಗೆ ಜಗ್ಗುತ್ತಿದ್ದ.

"ಮೊದಲು ಕೂತಿದ್ದು ಯಾರು ನೋಡಿ. ಪಾಪ, ನಿಮ್ಮನ್ನ ನೋಡಿ ಅದೂ ಕೂತ್ಕೊಳ್ತು. ಮುಂದಿನ ಸಲ ಗುಂಡನ್ನ ನಾನೇ ಕರ್ಕೊಂಡು ಬರ್ತೀನಿ. ಕಮ್ಮನಹಳ್ಳೀಲಿ ಊರಿಗೆ ಹೋಗೋರು ನಾಯಿ ಬಿಟ್ಟು ಹೋಗೋ ಜಾಗ ಇದ್ಯಂತೆ. ಅಲ್ಲಿ ನಿಮ್ಮನ್ನ ಇಟ್ಕೋತಾರಾ ಕೇಳ್ತೀನಿ."

ನನಗೆ ಕೋಪ ಬರಬೇಕಿತ್ತು. ಅಲ್ಲಿ ತಿಂಡಿ ಎಷ್ಟು ಗಂಟೆಗೆ ಕೊಡುತ್ತಾರೆ ಎಂದು ಆಯೇಷಾಳನ್ನು ವಿಚಾರಿಸಿದೆ.